ಎತ್ತಿನ ಹಕ್ಕು

ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಯ ಬಾಯಿ ತೆರೆಸಿ ಹಲ್ಲೆಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಕಡೆಗೆ ಕೊಳ್ಳುವವನೂ ಮಾರುವವನೂ ಹೆಗಲ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ಕಂಡವರಿಗೆ, ಆ ವ್ಯವಹಾರದ ಮಗ್ಗುಲಲ್ಲಿ ಮೆಲುಕುಹಾಕುತ್ತ ನಿಂತ ಎತ್ತು ಬರಿಯ ಪದಾರ್ಥವೋ, ಅಥವಾ ಯಾರೂ ಕೇಳದ ಮೂರನೆಯ ಪಕ್ಷವೋ ಎಂಬ ಸಂದೇಹ ಒಮ್ಮೆಯಾದರೂ ಸುಳಿಯದಿರದು.

ಹಕ್ಕು ಒಪ್ಪಂದದ ಫಲವೆನ್ನುವವರಿಗೆ ಎತ್ತು ಪದಾರ್ಥವೇ ಸರಿ. ಕರ್ತವ್ಯವನ್ನರಿತು ಒಪ್ಪಿಕೊಳ್ಳಬಲ್ಲವನಿಗಷ್ಟೇ ಅಧಿಕಾರವುಂಟೆಂಬುದು ಅವರ ಮತ. ಜರ್ಮನಿಯ ಕಾಂಟನು ಪ್ರಾಣಿಹಿಂಸೆಯನ್ನು ಖಂಡಿಸಿದುದೂ, ಹಿಂಸೆಗೆ ಪಳಗಿದ ಕೈ ನಾಳೆ ಮನುಷ್ಯನ ಮೇಲೆ ಎದ್ದೀತೆಂಬ ಕಾರಣದಿಂದಲೇ ಹೊರತು, ಪ್ರಾಣಿಗೆ ನಾವು ಸಲ್ಲಿಸಬೇಕಾದುದೊಂದಿದೆಯೆಂದಲ್ಲ. ತೊಟ್ಟಿಲ ಕೂಸು ಯಾವ ಕರಾರಿಗೆ ರುಜು ಹಾಕಿದೆಯೆಂದು ಕೇಳಿದರೆ ಈ ವಾದ ತಡವರಿಸುತ್ತದೆ. 1789ರಲ್ಲಿ ಇಂಗ್ಲೆಂಡಿನ ಬೆಂಥಮನು ವಿವೇಚನೆಯನ್ನೂ ವಾಕ್ಕನ್ನೂ ಬದಿಗಿಟ್ಟು, ಪ್ರಾಣಿ ನೋಯಬಲ್ಲುದೆ ಎಂಬುದೊಂದನ್ನೇ ವಿಚಾರಿಸಿದನು. (ನಿಸರ್ಗದತ್ತ ಹಕ್ಕೆಂಬುದು ಬರಿಯ ಪ್ರಲಾಪ, ಹಕ್ಕನ್ನು ಹಡೆಯುವುದು ಕಾನೂನು ಎಂದವನೂ ಇವನೇ!) ಅಮೆರಿಕದ ಟಾಮ್ ರೀಗನ್ 1983ರಲ್ಲಿ ಮುಂದುವರಿದು, ತನ್ನ ಬಾಳಿನ ಒಳಿತು ಕೆಡುಕುಗಳನ್ನು ತಾನೇ ಅನುಭವಿಸುವ ಜೀವಕ್ಕೆ ಸ್ವತಃಸಿದ್ಧವಾದ ಮೌಲ್ಯವುಂಟು, ಹಕ್ಕಿನ ಮೂಲ ಅದೇ ಎಂದನು.

ಕಾನೂನೇ ಹಡೆದ ತಾಯಿಯಾದರೆ ಆಗುವ ಫಜೀತಿಯನ್ನು ಎತ್ತಿನಗಾಡಿ ಓಟದಲ್ಲಿ ಕಾಣಬಹುದು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂವಿಧಾನದ 21ನೆಯ ಅನುಚ್ಛೇದದ ‘ಜೀವ’ದೊಳಕ್ಕೆ ಪ್ರಾಣಿಯನ್ನೂ ಕರೆತಂದು ಜಲ್ಲಿಕಟ್ಟನ್ನೂ ಗಾಡಿ ಓಟವನ್ನೂ ತಡೆಯಿತು, 2017ರಲ್ಲಿ ಕರ್ನಾಟಕದ ತಿದ್ದುಪಡಿ ಕಂಬಳದೊಡನೆ ಓಟವನ್ನೂ ಮರಳಿಸಿತು, 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿದು, ಪ್ರಾಣಿಗಳಿಗೆ ಮೂಲಭೂತ ಹಕ್ಕು ಕೊಟ್ಟ ಪೂರ್ವನಿದರ್ಶನವಿಲ್ಲವೆಂದಿತು. ಹೀಗೆ ಒಂಬತ್ತು ವರ್ಷಗಳಲ್ಲಿ ಹಕ್ಕು ಬಂದೂ ಹೋಯಿತು. ಬಾಲ ಮುರಿದು ಓಡಿಸುವಾಗ ಎತ್ತಿಗಾಗುವ ನೋವು ಮಾತ್ರ ಮೂರು ಕಾಲದಲ್ಲಿಯೂ ಒಂದೇ. ಶ್ರೀರಂಗಪಟ್ಟಣದ ಬಳಿ ಸಲೀಂ ಅಲಿಯವರ ಪ್ರೇರಣೆಯಿಂದ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನ ಕೊಕ್ಕರೆಗೂ, ನಾಗಮಂಗಲದ ಆದಿಚುಂಚನಗಿರಿಯ ನವಿಲಿಗೂ ಕಾನೂನಿನ ಕಾವಲುಂಟು. ಆದರೆ ಆ ಕಾವಲು ಕುಲಕ್ಕೆ, ಸೊಬಗಿಗೆ, ನಮ್ಮ ಮಮತೆಗೆ ಸಂದದ್ದೇ ಹೆಚ್ಚು.

ನನಗೆ ಹೆಚ್ಚು ಗಟ್ಟಿಯಾಗಿ ತೋರುವುದು ಕೊಟ್ಟಿಗೆಯ ತರ್ಕ. ಹಾಲು ಕರೆಯುವ ತಾಯಿ ಒಂದು ಮೊಲೆಯನ್ನು ಕರುವಿಗೆಂದು ಬಿಡುತ್ತಾಳೆ. ಬಿಟ್ಟುದನ್ನು ಭಿಕ್ಷೆಯೆನ್ನದೆ ‘ಕರುವಿನ ಪಾಲು’ ಎನ್ನುತ್ತಾಳೆ. ಪಾಲೆಂದ ಮೇಲೆ ಅದು ಕೊಡುವವಳ ಔದಾರ್ಯವಲ್ಲ, ಪಡೆಯುವ ಜೀವದ ಹಸಿವಿನಲ್ಲಿಯೇ ಬೇರೂರಿದ ಅಧಿಕಾರ. ಕಾನೂನು ಅದನ್ನು ಬರೆದುಕೊಳ್ಳಬಹುದು, ಬರೆದುಕೊಳ್ಳದೆಯೂ ಇರಬಹುದು. ಎತ್ತಿಗೆ ಮತದಾನದ ಹಕ್ಕನ್ನು ಯಾರೂ ಬೇಡುತ್ತಿಲ್ಲ. ವೃಥಾ ನೋಯದಿರುವ ಪಾಲನ್ನಷ್ಟೇ.

ಬರುವ ಶಿವರಾತ್ರಿಯ ಸುಮಾರಿಗೆ ಪಾಂಡವಪುರದ ಬೇಬಿ ಬೆಟ್ಟದ ಜಾತ್ರೆಗೆ ಹೋಗುವ ವಾಚಕರು, ಹಲ್ಲು ಸುಳಿಗಳನ್ನು ನೋಡಿಯಾದ ಮೇಲೆ ಎತ್ತಿನ ಬಾಲದ ಮೇಲೆಯೂ ಒಮ್ಮೆ ಕೈಯಾಡಿಸಲಿ. ಮುರಿದು ಕೂಡಿದ ಗಂಟು ಬೆರಳಿಗೆ ಸಿಕ್ಕಿದರೆ, ವಲ್ಲಿಯೊಳಗೆ ಕೈಯಿಡುವ ಮೊದಲು ಒಡೆಯನನ್ನು ಅದರ ಕಾರಣ ಕೇಳಲಿ.