ನೆಲ ಮುಟ್ಟದ ರಥ

ಧರ್ಮರಾಯನ ರಥ ನೆಲದಿಂದ ನಾಲ್ಕು ಅಂಗುಲ ಮೇಲೆ ಸಾಗುತ್ತಿತ್ತಂತೆ. ಅಶ್ವತ್ಥಾಮನ ಸಾವಿನ ಬಗ್ಗೆ ದ್ರೋಣರಿಗೆ ಆ ಅರ್ಧಸುಳ್ಳನ್ನು ಹೇಳಿದ ಕೂಡಲೇ ಅದರ ಗಾಲಿಗಳು ನೆಲಕ್ಕೆ ತಾಗಿದವು. ಈ ಕತೆಯನ್ನು ನಮ್ಮ ಕಡೆ ಓದಿ ತಿಳಿದವರಿಗಿಂತ ತಾಳಮದ್ದಳೆಯಲ್ಲಿ ಕೇಳಿ ತಿಳಿದವರೇ ಹೆಚ್ಚು. ನಾನೂ ಹಾಗೆಯೇ ಕೇಳಿದವನು. ಅಷ್ಟು ಕಾಲ ತಲೆಯ ಮೂಲೆಯಲ್ಲಿ ಸುಮ್ಮನೆ ಬಿದ್ದಿದ್ದ ಆ ರಥ ಮತ್ತೆ ಎದ್ದು ಬಂದದ್ದು ಒಂದು ಇಂಗ್ಲಿಷ್ ಪುಸ್ತಕದಿಂದ. ಮಗ ಹಳೆಯ ಪುಸ್ತಕದ ಅಂಗಡಿಯಿಂದ ತಂದು ಅರ್ಧ ಓದಿ ಬಿಟ್ಟದ್ದನ್ನು ನಾನು ಕೈಗೆತ್ತಿಕೊಂಡೆ.

ಪುಸ್ತಕದ ಹೆಸರು ‘ಹ್ಯಾಮರ್ಸ್ ಸ್ಲ್ಯಾಮರ್ಸ್’. ಬರೆದವನು ಡೇವಿಡ್ ಡ್ರೇಕ್ ಎಂಬ ಅಮೆರಿಕನ್, ಪುಸ್ತಕವಾಗಿ ಬಂದದ್ದು 1979ರಲ್ಲಿ. ಕರ್ನಲ್ ಹ್ಯಾಮರ್ ಎಂಬವನ ಕೂಲಿ ಸೈನ್ಯವೊಂದು ಗ್ರಹದಿಂದ ಗ್ರಹಕ್ಕೆ ಹೋಗಿ, ದುಡ್ಡು ಕೊಟ್ಟವರ ಪರವಾಗಿ ಯುದ್ಧ ಮಾಡುತ್ತದೆ. ಆ ಸೈನ್ಯದ ಮುಖ್ಯ ಆಯುಧವೆಂದರೆ ತೇಲುವ ಟ್ಯಾಂಕು. ತೂಕ 170 ಟನ್. ನಮ್ಮ ದೇಶದ ಅರ್ಜುನ್ ಟ್ಯಾಂಕಿನ ಮೊದಲ ಮಾದರಿಯೇ 58 ಟನ್ನಿನಷ್ಟಿದೆ ಎಂದರೆ ಇದರ ಗಾತ್ರವನ್ನು ಊಹಿಸಿಕೊಳ್ಳಬಹುದು. ಮೈಗೆ ಇರಿಡಿಯಂ ಲೋಹದ ಕವಚ. ಇರಿಡಿಯಂ ಕರಗಬೇಕಾದರೆ 2,400 ಡಿಗ್ರಿಗೂ ಹೆಚ್ಚು ಶಾಖ ಬೇಕು, ಒಂದು ಲೀಟರಿನ ಪಾತ್ರೆಯಷ್ಟು ಇರಿಡಿಯಂ 22 ಕಿಲೋ ಮೀರಿ ತೂಗುತ್ತದೆ. ಇಂತಹ ಭಾರದ ಯಂತ್ರಕ್ಕೆ ಚಕ್ರವೂ ಇಲ್ಲ, ಸರಪಳಿಯೂ ಇಲ್ಲ. ಅಡಿಯಲ್ಲಿ ದೊಡ್ಡ ಫ್ಯಾನುಗಳು ಗಾಳಿಯನ್ನು ಒತ್ತುತ್ತವೆ, ಆ ಗಾಳಿಯ ದಿಂಬಿನ ಮೇಲೆ ಟ್ಯಾಂಕು ತೇಲುತ್ತದೆ.

ಗಾಳಿಯ ದಿಂಬಿನ ವಾಹನ ಬರಿಯ ಕಲ್ಪನೆಯಲ್ಲ. ಇಂಗ್ಲೆಂಡಿನ ಕ್ರಿಸ್ಟೋಫರ್ ಕಾಕೆರೆಲ್ ಎಂಬವರು ತಗಡಿನ ಡಬ್ಬಿಗಳಲ್ಲಿ ಪ್ರಯೋಗ ಮಾಡಿ ರೂಪಿಸಿದ ಹೋವರ್‌ಕ್ರಾಫ್ಟ್ 1959ರ ಜುಲೈ 25ರಂದು ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿತು. ವಿಯೆಟ್ನಾಮಿನ ಜೌಗು ನೆಲದಲ್ಲಿ ಅಮೆರಿಕದ ಭೂಸೇನೆ 1968ರಿಂದ ಇಂಥ ಮೂರನ್ನು ಓಡಿಸಿತ್ತು. ಅವುಗಳಲ್ಲಿ ಎರಡು ಅಲ್ಲಿಯೇ ನಾಶವಾದವು. ತೇಲಬೇಕಾದರೆ ಹಗುರವಿರಬೇಕು, ಏಟು ತಡೆಯಬೇಕಾದರೆ ಭಾರವಿರಬೇಕು. ಈ ಎರಡನ್ನೂ ಒಂದೇ ಯಂತ್ರದಲ್ಲಿ ಕೂಡಿಸಲು ಡ್ರೇಕ್ ಅಣುಸಮ್ಮಿಲನದ ಶಕ್ತಿಯನ್ನು ತಂದು ಕೂರಿಸಿದ್ದಾನೆ. ಕತೆಗಾರನಿಗೆ ಅಷ್ಟು ಸಾಲ ಕೊಡಲೇಬೇಕು.

ನಾನು ಲೆಕ್ಕದ ಮನುಷ್ಯ, ಕಾಗದ ಪೆನ್ಸಿಲು ಹಿಡಿದು ಕೂತೆ. ಟ್ಯಾಂಕಿನ ಉದ್ದ ಹತ್ತು ಮೀಟರು, ಅಗಲ ಐದು ಮೀಟರು ಎಂದು ಇಟ್ಟುಕೊಳ್ಳೋಣ. ಐವತ್ತು ಚದರ ಮೀಟರಿನ ಮೇಲೆ 170 ಟನ್, ಅಂದರೆ ಪ್ರತಿ ಚದರ ಮೀಟರಿಗೆ 3.4 ಟನ್. ಅಷ್ಟು ಒತ್ತಡದ ಗಾಳಿ ಅಂಚಿನ ಸಂದಿಯಿಂದ ಹೊರಗೆ ನುಗ್ಗುವಾಗ ಅದರ ವೇಗ ಗಂಟೆಗೆ 800 ಕಿಲೋಮೀಟರಿಗೂ ಹೆಚ್ಚಾಗುತ್ತದೆ. ಅದು ಹೋದ ದಾರಿಯಲ್ಲಿ ಗದ್ದೆಯಿದ್ದರೆ ಪೈರು ಉಳಿಯುವುದಿಲ್ಲ, ಗುಡಿಸಲಿದ್ದರೆ ಮಾಡು ಉಳಿಯುವುದಿಲ್ಲ. ಇನ್ನೂ ಒಂದು ಮಾತಿದೆ. ಟ್ಯಾಂಕು ತೇಲಿತು ಎಂದು ಅದರ ಭಾರವೇನೂ ಕಳೆದುಹೋಗುವುದಿಲ್ಲ. ಗಾಳಿ ಟ್ಯಾಂಕನ್ನು ಹೊರುತ್ತದೆ, ಗಾಳಿಯನ್ನು ನೆಲ ಹೊರುತ್ತದೆ. ಒಳಗೆ ಕೂತವನಿಗೆ ನೆಲದ ಕುಲುಕು ಗೊತ್ತಾಗದೆ ಇರಬಹುದು, ನೆಲಕ್ಕೆ ಮಾತ್ರ 170 ಟನ್ನೂ ಗೊತ್ತಾಗುತ್ತದೆ. ನಮ್ಮ ಲೆಜರಿನಲ್ಲಿ ಒಂದು ಕಡೆ ಜಮೆಯಾದದ್ದು ಇನ್ನೊಂದು ಕಡೆ ಖರ್ಚು ಬೀಳದೆ ಇರುವುದುಂಟೇ?

ಡ್ರೇಕ್ ಈ ಖರ್ಚಿನ ಪುಟವನ್ನು ಮುಚ್ಚಿಟ್ಟವನಲ್ಲ. ಕಾನೂನು ಓದುತ್ತಿದ್ದ ಅವನನ್ನು ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸಿಕೊಂಡಿದ್ದರು. 1970ರಲ್ಲಿ ಹನ್ನೊಂದನೆಯ ಆರ್ಮರ್ಡ್ ಕ್ಯಾವಲ್ರಿ ರೆಜಿಮೆಂಟಿನಲ್ಲಿ, ಸೆರೆಸಿಕ್ಕವರನ್ನು ಪ್ರಶ್ನಿಸುವ ಕೆಲಸದಲ್ಲಿ, ವಿಯೆಟ್ನಾಮ್ ಮತ್ತು ಕಾಂಬೋಡಿಯಾ ಎರಡನ್ನೂ ಕಂಡ. ಅಲ್ಲಿನ ಎಂ113 ಎಂಬ ಅಲ್ಯೂಮಿನಿಯಂ ಕವಚದ ಗಾಡಿಗಳಲ್ಲಿ ಸೈನಿಕರು ಒಳಗೆ ಕೂರುತ್ತಿರಲಿಲ್ಲ, ಛಾವಣಿಯ ಮೇಲೆ ಕೂರುತ್ತಿದ್ದರು. ಅಡಿಯಲ್ಲಿ ನೆಲಬಾಂಬು ಸಿಡಿದರೆ ಒಳಗಿದ್ದವನಿಗೇ ಸಾವು. ಕವಚವಿದ್ದೂ ಅದರ ಹೊರಗೆ ಕೂರುವ ಆ ಹುಡುಗರನ್ನು ಕಂಡವನು ಮುಂದೆ ನೆಲವನ್ನೇ ಮುಟ್ಟದ ಟ್ಯಾಂಕನ್ನು ಕಲ್ಪಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ 1974ರಲ್ಲಿ ಅವನು ಬರೆದ ಒಂದು ಕತೆಯ ಹೆಸರು ‘ದ ಬುಚರ್ಸ್ ಬಿಲ್’, ಕಟುಕನ ಬಿಲ್ಲು. ಯುದ್ಧದಲ್ಲಿ ಸತ್ತವರ ಲೆಕ್ಕಕ್ಕೆ ಇಂಗ್ಲಿಷಿನಲ್ಲಿ ಹಾಗೆ ಹೇಳುತ್ತಾರೆ. ಬೇರೊಂದು ಜೀವಕುಲ ಎಂದೋ ಕಟ್ಟಿಹೋದ, ಮತ್ತೆ ಕಟ್ಟಲಾಗದ ಒಂದು ನಿರ್ಮಾಣ ಅದರಲ್ಲಿ ಈ ಟ್ಯಾಂಕುಗಳ ಕಾಳಗಕ್ಕೆ ಸಿಕ್ಕಿ ಹಾಳಾಗುತ್ತದೆ. ಗೆದ್ದವರ ಮುಖದಲ್ಲಿ ಗೆಲುವಿಲ್ಲ. 2023ರಲ್ಲಿ ತೀರಿಕೊಂಡ ಈ ಮನುಷ್ಯ ನಡುವಯಸ್ಸಿನಲ್ಲಿ ವಕೀಲಿಕೆಯ ಕೆಲಸ ಬಿಟ್ಟು, ತನ್ನ ಊರಿನಲ್ಲಿ ಒಂದು ವರ್ಷ ಸಿಟಿ ಬಸ್ಸು ಓಡಿಸಿದ್ದನೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಹಾಗಾದರೆ ಕವಚ ತೊಡುವುದು ತಪ್ಪೇ? ಯಾವ ತಾಯಿಯೂ ತಪ್ಪೆನ್ನಲಾರಳು. ಕರ್ಣನ ಕವಚವನ್ನು ಇಂದ್ರ ಬೇಡಿ ಪಡೆದಾಗ ನಮಗೆ ಸಿಟ್ಟು ಬರುವುದು ಇಂದ್ರನ ಮೇಲೆಯೇ. ನನ್ನ ಪ್ರಶ್ನೆ ಕವಚದೊಳಗಿನ ಕೈಯ ಬಗ್ಗೆ. ಯುದ್ಧದಲ್ಲಿ ಒಬ್ಬನನ್ನು ಕೊಲ್ಲಲು ಸೈನಿಕನಿಗೆ ಅನುಮತಿ ಎಲ್ಲಿಂದ ಬರುತ್ತದೆ? ಎದುರಿನವನೂ ತನ್ನನ್ನು ಕೊಲ್ಲಬಲ್ಲ ಎಂಬುದರಿಂದ. ಎದುರಿನವನಿಂದ ಏನೂ ಆಗದು ಎಂದಾದರೆ ಆ ಅನುಮತಿ ಉಳಿಯುವುದು ಹೇಗೆ ಎಂದು ಅಮೆರಿಕದ ಕಾನೂನು ಪಂಡಿತ ಪಾಲ್ ಕಾನ್ 2002ರಲ್ಲಿ ಕೇಳಿದ್ದಾರೆ. ಅದಕ್ಕೆ ಮೂರು ವರ್ಷ ಮೊದಲು, 1999ರಲ್ಲಿ, ಕೊಸೊವೊ ಯುದ್ಧದಲ್ಲಿ ನೇಟೋ ವಿಮಾನಗಳು ಬಹುಮಟ್ಟಿಗೆ 15,000 ಅಡಿ ಮೇಲಿನಿಂದಲೇ 78 ದಿನ ಬಾಂಬು ಹಾಕಿದವು. ಶತ್ರುವಿನ ಏಟಿಗೆ ನೇಟೋದ ಒಬ್ಬ ಸೈನಿಕನೂ ಸಾಯಲಿಲ್ಲ. ಕೆಳಗೆ ಊರಿನ ಜನ ಸತ್ತರು. ನಾಲ್ಕು ಅಂಗುಲವಾಗಲಿ, ಹದಿನೈದು ಸಾವಿರ ಅಡಿಯಾಗಲಿ, ನೆಲ ಬಿಟ್ಟ ಮೇಲೆ ಅಂತರದ ಅಳತೆಯಲ್ಲಷ್ಟೇ ವ್ಯತ್ಯಾಸ.

ಆ ರಾತ್ರಿಯಿಡೀ ಧರ್ಮರಾಯನ ಬಗ್ಗೆ ಯೋಚಿಸಿದೆ. ಗಾಲಿ ನೆಲಕ್ಕಿಳಿದದ್ದನ್ನು ನಾವು ಶಿಕ್ಷೆ ಎಂದು ಕೇಳಿಕೊಂಡು ಬಂದಿದ್ದೇವೆ. ನನಗೆ ಬೇರೆಯಾಗಿ ಕಾಣುತ್ತಿದೆ. ಆನೆಯನ್ನು ಕೊಂದವನು ಭೀಮ, ಉಪಾಯ ಹೂಡಿದವನು ಕೃಷ್ಣ. ಅದುವರೆಗಿನ ದಿನಗಳಲ್ಲಿಯೂ ಕೆಸರು ರಕ್ತಗಳಲ್ಲಿ ಉರುಳಿದ ಗಾಲಿಗಳು ಇತರರವು. ಅವನಿಗಾಗಿಯೇ ಅಷ್ಟು ಜನ ಸಾಯುತ್ತಿದ್ದಾಗ ಅವನ ರಥ ಮಾತ್ರ ನೆಲ ಮುಟ್ಟಲಿಲ್ಲ. ಕರ್ಣನ ಗಾಲಿಯನ್ನು ನೆಲ ನುಂಗಿತು, ಧರ್ಮರಾಯನ ಗಾಲಿಯನ್ನು ಬರಿದೇ ಮುಟ್ಟಿತು. ಸುಳ್ಳು ಹೇಳಿದ ಆ ಕ್ಷಣದಲ್ಲಿ ಅವನು ಮೊದಲ ಬಾರಿಗೆ ತನ್ನ ಯುದ್ಧದೊಳಗೆ ಬಂದ ಎಂದು ಯಾರಾದರೂ ಅರ್ಥ ಹೇಳಿದರೆ ಒಪ್ಪುವವನು ನಾನು. ಹಿರಿಯ ಅರ್ಥಧಾರಿಗಳು ಕ್ಷಮಿಸಬೇಕು.

ಇಷ್ಟೆಲ್ಲ ಹೇಳುವ ನಾನು ಕೂರುವುದು ಗಾಜಿನ ಹಿಂದೆ. 2020ರಲ್ಲಿ ರೋಗದ ಭಯಕ್ಕೆ ಕೌಂಟರಿಗೆ ಪ್ಲಾಸ್ಟಿಕ್ ಹಾಳೆಯನ್ನೂ ಕಟ್ಟಿದರು, ಕಾಗದ ತೂರಿಸುವಷ್ಟು ಸಂದಿ ಬಿಟ್ಟು. ಆ ಸಂದಿಯ ಆಚೆಗೆ ಒಬ್ಬ ಮುದುಕರು ಮೂರು ಸಲ ಬಂದರು. ಕನ್ನಡ ಬಿಟ್ಟು ಬೇರೆ ಓದು ಗೊತ್ತಿಲ್ಲದವರು. ತೀರಿಹೋದ ಹೆಂಡತಿಯ ಖಾತೆಯಲ್ಲಿದ್ದ ಸ್ವಲ್ಪ ಹಣ ಅವರಿಗೆ ಬರಬೇಕಿತ್ತು. ಕನ್ನಡದ ಹೆಸರು ರೇಷನ್ ಕಾರ್ಡಿನಲ್ಲಿ ಮಲಯಾಳದ ವಾಡಿಕೆಯಂತೆ, ಪಾಸ್‌ಬುಕ್ಕಿನಲ್ಲಿ ಇಂಗ್ಲಿಷಿನ ಇನ್ನೊಂದು ಕಾಗುಣಿತದಲ್ಲಿ. ಈ ಗಡಿಯ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೂರು ಸಲವೂ ನಾನು ಹೇಳಿದ್ದು ಒಂದೇ: “ಸಿಸ್ಟಮ್ ತೆಗೆದುಕೊಳ್ಳುವುದಿಲ್ಲ.” ಹೇಳಿದ್ದು ಸುಳ್ಳಲ್ಲ. ಅದು ನನ್ನ ಇರಿಡಿಯಂ.

ನಾಲ್ಕನೆಯ ಸಲ ಅವರು ಕಾಗದ ತೂರಿಸಲಿಲ್ಲ. ಸಂದಿಗೆ ಬಾಗಿ ಕೇಳಿದರು: “ಸಿಸ್ಟಮ್ಮಿಗೆ ಅವಳು ಯಾರೂಂತ ಗೊತ್ತಿಲ್ಲ, ಸರಿ. ನಿಮಗೆ ಗೊತ್ತುಂಟಲ್ಲ ಸಾರ್?”

ಗೊತ್ತಿತ್ತು. ಆ ಹೆಂಗಸು ಎಷ್ಟೋ ವರ್ಷ ಇದೇ ಕೌಂಟರಿಗೆ ಬಂದು, ನನ್ನ ಎದುರಿನಲ್ಲೇ ಹೆಬ್ಬೆರಳು ಒತ್ತಿ ಹೋದವರು. ಎರಡೂ ಹೆಸರು ಒಬ್ಬರದೇ ಎಂದು, ಅವರನ್ನು ನಾನು ಬಲ್ಲೆನೆಂದು ಒಂದು ಹೇಳಿಕೆ ಬರೆದು, ಕೆಳಗೆ ನನ್ನ ಪೂರ್ತಿ ಹೆಸರು ಹಾಕಿ ಸಹಿ ಮಾಡಿ ಮ್ಯಾನೇಜರರ ಮೇಜಿನ ಮೇಲಿಟ್ಟೆ. ಅವರು ಎರಡು ಸಲ ಓದಿ, “ನಾಳೆ ಏನಾದರೂ ತಕರಾರು ಬಂದರೆ ಕೇಳುವುದು ನಿಮ್ಮನ್ನೇ” ಎಂದರು. ಆ ಕಾಗದ ಇನ್ನೂ ಫೈಲಿನಲ್ಲಿದೆ.