ಅನ್ನದಾನದ ಪೂರ್ಣತೆ

ಅನ್ನವನ್ನು ದೈವವೆಂದು ಭಾವಿಸಿದ ಸಂಸ್ಕೃತಿ ಭಾರತದ್ದು. ತೈತ್ತಿರೀಯ ಉಪನಿಷತ್ತಿನ ಭೃಗುವು ತಪಸ್ಸಿನಿಂದ ಮೊದಲು ಅರಿತದ್ದು ಅನ್ನವೇ ಬ್ರಹ್ಮವೆಂಬುದನ್ನು. ಅಲ್ಲಿಂದ ಪ್ರಾಣ, ಮನಸ್ಸು, ವಿಜ್ಞಾನಗಳನ್ನು ದಾಟಿ ಆನಂದದವರೆಗೆ ಏರಿದ ಮೇಲೂ ಆ ಉಪನಿಷತ್ತು ಅನ್ನದ ವ್ರತಗಳಿಗೇ ಮರಳಿ ಬರುತ್ತದೆ. ಅನ್ನವನ್ನು ಹಳಿಯದಿರುವುದು, ಅತಿಥಿಗೆ ಇಲ್ಲವೆನ್ನದಿರುವುದು ಮಾತ್ರವಲ್ಲ, ಅನ್ನವನ್ನು ಹೆಚ್ಚಿಸುವುದೂ ಅಲ್ಲಿ ವ್ರತವೇ. ಬಡಿಸುವ ಕೈಯಷ್ಟೇ ಬೆಳೆಯುವ ಕೈಯೂ ಪವಿತ್ರವೆಂಬುದು ಇದರ ಭಾವ.

ಇಲ್ಲಿ ಒಂದು ಧರ್ಮಸೂಕ್ಷ್ಮ ಎದುರಾಗುತ್ತದೆ. ಹಸಿದವನಿಗೆ ಒಂದು ಹೊತ್ತಿನ ಊಟವಿತ್ತಲ್ಲಿಗೆ ಅನ್ನದಾನ ಪೂರ್ಣವಾಯಿತೇ? ನಾಳೆಯೂ ಅವನು ಅದೇ ಬಾಗಿಲಲ್ಲಿ ನಿಲ್ಲಬೇಕಾದರೆ, ಬೆಳೆದದ್ದು ದಾನಿಯ ಪುಣ್ಯವೋ, ಸಮಾಜದ ಋಣವೋ?

ಪುಕ್ಕಟೆ ಅನ್ನ ಮನುಷ್ಯನನ್ನು ಸೋಮಾರಿಯಾಗಿಸುತ್ತದೆಂದು ವಾದಿಸುವವರುಂಟು. ಹೊಟ್ಟೆ ತುಂಬಿದವರಿಗೆ ಈ ವಾದ ಸುಲಭ. ಮಗುವಿನ ಬೆಳವಣಿಗೆ ಮಾತ್ರ ಯಾವ ವಾದಕ್ಕೂ ಕಾಯುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರಕ್ಕೆ ಬೆಳೆದಿರಲಿಲ್ಲ. 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇಕಡಾ 57 ಮಂದಿ ರಕ್ತಹೀನತೆಗೆ ತುತ್ತಾಗಿದ್ದರು. ಅಂಥಲ್ಲಿ ಊಟ ಕೊಡುವುದು ಔದಾರ್ಯವಲ್ಲ, ಕರ್ತವ್ಯ. 2013ರ ಆಹಾರ ಭದ್ರತಾ ಕಾಯಿದೆ ಧಾನ್ಯವನ್ನು ಹಕ್ಕಾಗಿಸಿದ್ದೂ, ಅದೇ ವರ್ಷ ಕರ್ನಾಟಕದಲ್ಲಿ ಅನ್ನಭಾಗ್ಯ ಯೋಜನೆ ಆರಂಭವಾದದ್ದೂ ಆ ಕಾರಣಕ್ಕೆ ಸ್ತುತ್ಯವೇ.

ಆದರೆ ಹೊಟ್ಟೆ ತುಂಬುವುದು ಬೇರೆ, ದೇಹ ಪುಷ್ಟಿಗೊಳ್ಳುವುದು ಬೇರೆ. ಪಡಿತರದಲ್ಲಿ ಬಹುಕಾಲ ಬಂದದ್ದು ಮುಖ್ಯವಾಗಿ ಅಕ್ಕಿ, ಗೋಧಿ. ಹಳೆಯ ಮೈಸೂರಿನ ರೈತ ಅಕ್ಕಡಿ ಸಾಲುಗಳಲ್ಲಿ ರಾಗಿಯೊಡನೆ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಬಿತ್ತುತ್ತಿದ್ದ. ಒಂದೇ ಹೊಲದಲ್ಲಿ ಹಿಟ್ಟಿಗೆ ಧಾನ್ಯ, ಸಾರಿಗೆ ಕಾಳು, ಒಗ್ಗರಣೆಗೆ ಎಣ್ಣೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮೀರಿದ ಸುಣ್ಣದ ಅಂಶವಿದೆ. ಪಾಲಿಶ್ ಅಕ್ಕಿಯಲ್ಲಿ ಅದರ ಅಲ್ಪಭಾಗವೂ ಇಲ್ಲ. ಹಗೇವಿನಲ್ಲಿಟ್ಟ ರಾಗಿ ವರ್ಷಗಟ್ಟಲೆ ಕೆಡದೆ ಬರಗಾಲಕ್ಕೆ ಆಸರೆಯಾಗುತ್ತಿತ್ತು.

ಈ ಹಳೆಯ ವಿವೇಕ ಮತ್ತೆ ಚಿಗುರಿದ ಒಂದು ನಿದರ್ಶನ ಬೀದರಿನ ಸಮೀಪದಲ್ಲೇ ಇದೆ. ತೆಲಂಗಾಣದ ಜಹೀರಾಬಾದ್ ಸೀಮೆಯ ಪಸ್ತಾಪುರದಲ್ಲಿ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಆರಂಭವಾಯಿತು. ಅದರ ಸಂಘಗಳಲ್ಲಿ ಸೇರಿದವರು ಬಹುಪಾಲು ಬಡ ದಲಿತ ಸ್ತ್ರೀಯರು. 1990ರ ದಶಕದಲ್ಲಿ ಅವರ ಊರುಗಳ ಪಾಳುಭೂಮಿಗೆ ಉಳುಮೆ, ಗೊಬ್ಬರಗಳಿಗಾಗಿ ಸಾಲ ದೊರೆಯಿತು. ಅದನ್ನು ತೀರಿಸಿದ್ದು ಜೋಳದಿಂದ. ಆ ಜೋಳವನ್ನು ಊರಲ್ಲೇ ಕೂಡಿಟ್ಟು, ಕೆಲಸವಿಲ್ಲದ ತಿಂಗಳುಗಳಲ್ಲಿ ಅಗ್ಗದ ಬೆಲೆಗೆ ಬಡವರಿಗೆ ಹಂಚಿದರು. ಯಾರು ಕಡುಬಡವರೆಂಬುದನ್ನು ನಿರ್ಣಯಿಸಿದವರು ಅಧಿಕಾರಿಗಳಲ್ಲ, ಊರಿನವರೇ. ಜೋಳ, ಸಜ್ಜೆ, ನವಣೆ, ಕಾಳುಗಳ ಬೀಜಗಳನ್ನು ಬೂದಿ, ಬೇವಿನೆಲೆಗಳೊಡನೆ ಬುಟ್ಟಿಗಳಲ್ಲಿ ಕಾಪಾಡಿದರು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಆ ಸಂಸ್ಥೆಗೆ ಸಂದಿತು. ಕೈ ಚಾಚಿದವರೇ ಅಲ್ಲಿ ಕಣಜದ ಒಡತಿಯರಾದರು.

ಹನ್ನೆರಡನೆಯ ಶತಮಾನದ ಶರಣರು ದಾನಕ್ಕೂ ದಾಸೋಹಕ್ಕೂ ಕಂಡ ಅಂತರ ಇದೇ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ; ದಾಸೋಹದಲ್ಲಿ ಕೊಡುವವನೇ ದಾಸ. ಕಾಯಕವಿಲ್ಲದ ದಾಸೋಹವಿಲ್ಲವೆಂಬ ಅವರ ನಿಲುವು, ಪ್ರತಿಯೊಬ್ಬನೂ ದುಡಿದು ನೀಡಬಲ್ಲವನಾಗಬೇಕೆಂಬ ಹಂಬಲವೂ ಹೌದು.

ಈ ವಿಚಾರ ಹೊಲದಲ್ಲಿ ಮುಗಿಯದೆ ಅಡುಗೆಮನೆಯನ್ನೂ ಪ್ರವೇಶಿಸಬೇಕು. ಎಲ್ಲರಿಗೂ ಬಡಿಸಿ, ಉಳಿದುದನ್ನು ಕಡೆಗೆ ಉಣ್ಣುವ ಗೃಹಿಣಿಯ ತ್ಯಾಗವನ್ನು ಕೊಂಡಾಡುವುದು ವಾಡಿಕೆ. ಆ ತ್ಯಾಗದ ಬೆಲೆಯನ್ನು ಅವಳ ರಕ್ತವೂ, ಅವಳ ಗರ್ಭದ ಶಿಶುವೂ ತೆರುತ್ತಿರುವಾಗ ಕೊಂಡಾಟ ನಿಷ್ಠುರತೆಯಾಗುತ್ತದೆ. ಪಟದ ಅನ್ನಪೂರ್ಣೆಗೆ ನೈವೇದ್ಯವಿಟ್ಟು, ಮನೆಯ ಅನ್ನಪೂರ್ಣೆಯ ತಟ್ಟೆಯನ್ನು ನೋಡದಿರುವುದು ಪೂಜೆಯೆನಿಸದು.

ಹೊಟ್ಟೆಪಾಡಿಗಾಗಿ ಮಹಾನಗರ ಸೇರಿದ ಕನ್ನಡಿಗರು ಊರ ದೇವರ ಜಾತ್ರೆಗೆ ಅನ್ನಸಂತರ್ಪಣೆಯ ಹಣವನ್ನು ಭಕ್ತಿಯಿಂದ ಕಳುಹಿಸುತ್ತಾರೆ. ಆ ಪದ್ಧತಿ ಉಳಿಯಲಿ. ಅದರೊಡನೆ ಊರಿನ ಒಂದು ಬೀಜದ ಬುಟ್ಟಿಗೆ, ಒಂದು ಕೈತೋಟಕ್ಕೆ, ಶಾಲೆಯ ಮಕ್ಕಳ ಒಂದು ಹಿಡಿ ಕಾಳಿಗೆ ಅಲ್ಪ ಪಾಲು ಸಂದರೆ ಸಂತರ್ಪಣೆ ಒಂದು ದಿನದ್ದಾಗಿ ಉಳಿಯದು. ಇಂದಿನ ಹಸಿವಿಗೆ ಅನ್ನ, ನಾಳಿನ ಹಸಿವಿಗೆ ಬೀಜ. ಇವೆರಡೂ ಕೂಡಿದಲ್ಲಿ ಅನ್ನದಾನ ಪೂರ್ಣ.