ಕೆಂಪು ಎಲ್ಲಿಂದ ಶುರು

ಎರಡು ವರ್ಷದ ಹಿಂದೆ ಫೆಲೋಶಿಪ್ ಹಣ ಐದು ತಿಂಗಳು ಬರಲಿಲ್ಲ. ಸಂಶೋಧನಾ ವಿದ್ಯಾರ್ಥಿಗಳಿಗೆ ಇದೇನೂ ಹೊಸ ಸುದ್ದಿಯಲ್ಲ. ಅಂಥ ತಿಂಗಳುಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ದಾಟುತ್ತಾರೆ. ಬಿಎಸ್ಸಿಯಲ್ಲಿ ಅಷ್ಟಿಷ್ಟು ಪ್ರೋಗ್ರಾಮಿಂಗ್ ಕಲಿತು ಆಮೇಲೆ ತತ್ತ್ವಶಾಸ್ತ್ರಕ್ಕೆ ಬಂದವನು ನಾನು. ಹಾಗಾಗಿ ಗೆಳೆಯನೊಬ್ಬ ತೋರಿಸಿದ ಸಣ್ಣ ಕೆಲಸವೊಂದನ್ನು ಹಿಡಿದೆ. ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಶಾಲೆಗೆ ತರುವ ಒಂದು ಸಂಸ್ಥೆ. ಅದರ ಕಾರ್ಯಕರ್ತರು ತಿಂಗಳಿಡೀ ಮನೆಮನೆಗೆ ಹೋಗಿ ತಂದೆತಾಯಿಯರ ಜೊತೆ ಮಾತಾಡುತ್ತಾರೆ. ಯಾರು ಎಷ್ಟು ಮನೆಗೆ ಹೋದರು ಅನ್ನುವ ಲೆಕ್ಕ ಒಂದು ಎಕ್ಸೆಲ್ ಹಾಳೆಗೆ ಬಂದು ಬೀಳುತ್ತದೆ. ಅದನ್ನು ಕಚೇರಿಯವರಿಗೆ 'ಒಂದೇ ನೋಟಕ್ಕೆ ಗೊತ್ತಾಗುವ ಹಾಗೆ' ಪರದೆಯ ಮೇಲೆ ತೋರಿಸಬೇಕಿತ್ತು.

ಅವರು ಕೇಳಿದ್ದು ಗೇಜ್ ಚಾರ್ಟ್. ಕಾರಿನ ಸ್ಪೀಡೋಮೀಟರ್ ನೋಡಿದ್ದೀರಲ್ಲ, ಅದೇ: ಕಮಾನಿನಂಥ ಪಟ್ಟಿ, ಅದರ ಮೇಲೆ ಬಣ್ಣ, ನಡುವಿನಿಂದ ಹೊರಟ ಒಂದು ಮುಳ್ಳು. ಇದನ್ನು ಬರೆಯಲು ಜಾವಾಸ್ಕ್ರಿಪ್ಟ್‌ನಲ್ಲಿ ಸಿದ್ಧ ಲೈಬ್ರರಿಗಳಿವೆ. ನಾನು ಬಳಸಿದ್ದು ಇಚಾರ್ಟ್ಸ್. ಚೀನಾದ ಬೈದು ಕಂಪನಿಯಲ್ಲಿ ಹುಟ್ಟಿ ಈಗ ಅಪಾಚೆ ಪ್ರತಿಷ್ಠಾನದ ನೆರಳಿನಲ್ಲಿರುವ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಲೈಬ್ರರಿ. ಅದಕ್ಕೆ ಹೇಳಬೇಕಾದದ್ದು ತೀರಾ ಕಡಿಮೆ. ಅಳತೆ ಎಲ್ಲಿಂದ ಶುರು, ಅಂದರೆ ಮಿನ್. ಎಲ್ಲಿಗೆ ಮುಗಿಯಿತು, ಅಂದರೆ ಮ್ಯಾಕ್ಸ್. ಈಗಿನ ಬೆಲೆ ಎಷ್ಟು. ಮತ್ತೆ ಬಣ್ಣ. ಬಣ್ಣವನ್ನು ಜೋಡಿಜೋಡಿಯಾಗಿ ಕೊಡಬೇಕು, ಎಲ್ಲಿಯವರೆಗೆ ಯಾವುದು ಎಂದು. ಆ 'ಎಲ್ಲಿಯವರೆಗೆ' ಅನ್ನುವುದು 0ಯಿಂದ 1ರೊಳಗಿನ ಭಾಗ, ನಿಜವಾದ ಅಳತೆಯಲ್ಲ. 0.3 ಎಂದರೆ ಪಟ್ಟಿಯ ಹತ್ತರಲ್ಲಿ ಮೂರು ಪಾಲು, ಪಟ್ಟಿ ಎಷ್ಟೇ ಉದ್ದವಿರಲಿ. ಈ ಸಣ್ಣ ವಿವರವನ್ನು ದಯವಿಟ್ಟು ನೆನಪಿಡಿ.

ಲೈಬ್ರರಿಯ ಉದಾಹರಣೆಗಳ ಪುಟದಲ್ಲಿ ವೇಗ ತೋರಿಸುವ ಗೇಜ್ ಒಂದಿದೆ. ಅಲ್ಲಿ ಬಣ್ಣ ಬದಲಾಗುವುದು 0.3ರಲ್ಲಿ ಮತ್ತು 0.7ರಲ್ಲಿ, ಕೊನೆಯ ಪಾಲು ಕೆಂಪು. ನಾನು ಅದನ್ನೇ ನಕಲು ಮಾಡಿ ತಂದೆ. ವೇಗದಲ್ಲಿ ಹೆಚ್ಚಿದ್ದರೆ ಅಪಾಯ, ನಮ್ಮಲ್ಲಿ ಕಡಿಮೆಯಿದ್ದರೆ ಅಪಾಯ. ಆದ್ದರಿಂದ ಬಣ್ಣಗಳನ್ನು ತಿರುಗಿಸಿ ಎಡಕ್ಕೆ ಕೆಂಪು, ನಡುವೆ ಹಳದಿ, ಬಲಕ್ಕೆ ಹಸಿರು ಹಾಕಿದೆ. ಸಂಖ್ಯೆಗಳನ್ನು ಮುಟ್ಟಲಿಲ್ಲ. ತಿಂಗಳ ಗುರಿ 60 ಮನೆ, ಹಾಗಾಗಿ ಮ್ಯಾಕ್ಸ್ 60. ಅಂದರೆ 18 ಮನೆಯವರೆಗೆ ಕೆಂಪು, 42ರಿಂದಾಚೆ ಹಸಿರು. 18 ಏಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ 'ಕಾರಿನ ಉದಾಹರಣೆಯಲ್ಲಿ ಹಾಗಿತ್ತು' ಅನ್ನುವುದರ ಹೊರತು ನನ್ನ ಬಳಿ ಉತ್ತರವಿರಲಿಲ್ಲ. ಕಚೇರಿಯವರು ನೋಡಿ ತುಂಬ ಚೆನ್ನಾಗಿದೆ ಎಂದರು. ನನಗೂ ಹಾಗೇ ಅನ್ನಿಸಿತ್ತು.

ಎರಡು ತಿಂಗಳಾದ ಮೇಲೆ ಒಂದು ದೂರು ಬಂತು. ಪೇಟೆ ಕಡೆಯ ಒಬ್ಬ ಹುಡುಗ 74 ಮನೆ ಮಾಡಿದ್ದಾನೆ, ಆದರೆ ಮುಳ್ಳು 60ರಲ್ಲೇ ನಿಂತಿದೆ. ಅದು ಹಾಗೆಯೇ, ಬೆಲೆ ಮ್ಯಾಕ್ಸ್ ದಾಟಿದರೆ ಕೆಳಗೆ ಬರೆದ ಅಂಕಿ ನಿಜ ಹೇಳುತ್ತದೆ, ಮುಳ್ಳು ಮಾತ್ರ ಕೊನೆಯಲ್ಲಿ ಸಿಕ್ಕಿಕೊಳ್ಳುತ್ತದೆ. ನಾನು ಒಂದು ಸಂಖ್ಯೆ ಬದಲಿಸಿದೆ: 60ರ ಜಾಗದಲ್ಲಿ 80. ಹತ್ತು ಸೆಕೆಂಡಿನ ಕೆಲಸ. ಮುಳ್ಳು ಸರಿಹೋಯಿತು.

ಮರುವಾರದ ಆನ್‌ಲೈನ್ ಸಭೆಗೆ ನನ್ನನ್ನೂ ಕರೆದಿದ್ದರು. ಮೇಲ್ವಿಚಾರಕರು ಒಂದೊಂದೇ ಗೇಜ್ ತೋರಿಸುತ್ತ ಬಂದರು. ಮಲೆನಾಡಿನ ಕಡೆಯ ಒಬ್ಬ ಕಾರ್ಯಕರ್ತೆಯ ಮುಳ್ಳು ಕೆಂಪಿನಲ್ಲಿತ್ತು. "ಹೋದ ತಿಂಗಳು ಹಳದೀಲಿ ಇದ್ರಿ, ಈ ತಿಂಗಳು ಯಾಕೆ ಬಿದ್ದಿದೆ?" ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋದ ತಿಂಗಳು ಮಾಡಿದಷ್ಟೇ ಮಾಡಿದೀನಿ ಸರ್" ಅಂದರು. ಮೇಲ್ವಿಚಾರಕರು ನಕ್ಕು, "ಚಾರ್ಟ್ ಸುಳ್ಳು ಹೇಳುತ್ತಾ ಮೇಡಂ?" ಅಂದರು. ನಾನು ಹಾಳೆ ತೆರೆದು ನೋಡಿದೆ. ಎರಡೂ ತಿಂಗಳು 22 ಮನೆ. ಕೆಂಪಿನ ಗೆರೆ 0.3ರಲ್ಲಿತ್ತು, 60ರಲ್ಲಿ ಅದು 18, 80ರಲ್ಲಿ ಅದು 24. ಹತ್ತು ಸೆಕೆಂಡಿನಲ್ಲಿ ನಾನು ಆ ಗೆರೆಯನ್ನು ಆಕೆಯ ಈ ಬದಿಯಿಂದ ಆ ಬದಿಗೆ ಸರಿಸಿದ್ದೆ.

ಮೈಕ್ ನನ್ನದು ಮ್ಯೂಟ್‌ನಲ್ಲಿತ್ತು. ತೆಗೆಯಲಿಲ್ಲ.

ಇದನ್ನು ತಪ್ಪು ಕೋಡ್‌ನ ಕಥೆ ಎಂದು ಓದಬಹುದು. ಕೋಡ್ ಸರಿಮಾಡುವುದು ಸುಲಭ: 18ನ್ನು 80ರಿಂದ ಭಾಗಿಸಿ 0.225, 42ನ್ನು ಭಾಗಿಸಿ 0.525. ಅದೇ ರಾತ್ರಿ ಮಾಡಿದೆ. ಆದರೆ ಸರಿಪಡಿಸಿದ ಮೇಲೆ ಏನು ಮರಳಿತು? ಕಾರಿನ ಉದಾಹರಣೆಯಿಂದ ಬಂದ 18. ಮೊದಲಿನ ಗೆರೆಗೂ ಎರಡನೆಯ ಗೆರೆಗೂ ಇದ್ದ ವ್ಯತ್ಯಾಸ ಇಷ್ಟೇ: ಎರಡನೆಯದು ಸರಿದಾಗ ಒಬ್ಬರಿಗೆ ಪೆಟ್ಟು ಬಿತ್ತು, ಆದ್ದರಿಂದ ನನಗೆ ಕಂಡಿತು. ಮೊದಲನೆಯದು ಯಾರ್ಯಾರಿಗೆ ಬಿದ್ದಿತ್ತೋ.

ಗೇಜ್ ಅನ್ನುವುದು ಯಂತ್ರಗಳ ಲೋಕದಿಂದ ಬಂದದ್ದು. 1849ರಲ್ಲಿ ಫ್ರಾನ್ಸಿನ ಯೂಜೀನ್ ಬೋರ್ಡನ್ ಒಂದು ಒತ್ತಡಮಾಪಕಕ್ಕೆ ಪೇಟೆಂಟ್ ಪಡೆದ. ಬಾಗಿಸಿದ ಚಪ್ಪಟೆ ಕೊಳವೆ. ಒಳಗೆ ಹಬೆಯ ಒತ್ತಡ ಹೆಚ್ಚಿದಂತೆ ಕೊಳವೆ ಬಿಚ್ಚಿಕೊಳ್ಳಲು ನೋಡುತ್ತದೆ, ಆ ಚಲನೆ ಮುಳ್ಳನ್ನು ತಿರುಗಿಸುತ್ತದೆ. ಬಾಯ್ಲರ್‌ನ ಗೇಜಿನ ಮೇಲೆ ಕೆಂಪು ಗೆರೆಯಿದ್ದರೆ ಅದಕ್ಕೊಂದು ಕಾರಣವಿದೆ. ಅದರಾಚೆ ಹೋದರೆ ಲೋಹ ತಡೆಯುವ ಭರವಸೆಯಿಲ್ಲ. ಕೆಂಪಿಗೂ ಕಬ್ಬಿಣಕ್ಕೂ ನಡುವೆ ಒಂದು ಪರೀಕ್ಷೆ ನಡೆದಿರುತ್ತದೆ. ಅದೇ ಗೇಜನ್ನು ನಾವು ಮನುಷ್ಯರ ಮೇಲೆ ಕೂರಿಸಿದಾಗ ಮುಳ್ಳು ಬಂತು, ಕೆಂಪು ಬಂತು, ಆ ಪರೀಕ್ಷೆ ಮಾತ್ರ ಬರಲಿಲ್ಲ. ಆದರೂ ಕೆಂಪು ನೋಡಿದ ಕಣ್ಣು ಬಾಯ್ಲರ್ ಮುಂದೆ ನಿಂತ ಹಾಗೆಯೇ ಬೆಚ್ಚುತ್ತದೆ.

ನಮ್ಮಜ್ಜಿ ಅಡಿಕೆ ತೂಗುತ್ತಿದ್ದ ತಕ್ಕಡಿಗೂ ಮುಳ್ಳಿತ್ತು. ಅದಕ್ಕೆ ಗೊತ್ತಿದ್ದದ್ದು ಒಂದೇ ಜಾಗ, ನಡು. ಎರಡು ತಟ್ಟೆ ಸಮವೋ ಅಲ್ಲವೋ ಎಂದಷ್ಟೇ ಹೇಳುತ್ತಿತ್ತು. ಅಡಿಕೆ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವವಳು ಅಜ್ಜಿ, ಮತ್ತು ಹಾಗೆ ಹೇಳಿದ್ದಕ್ಕೆ ವ್ಯಾಪಾರಿಯ ಜೊತೆ ಜಗಳವಾಡುವವಳೂ ಅವಳೇ.

ಬಾಯ್ಲರ್ ಒಂದು ತುದಿಯಾದರೆ ನನ್ನ ಗೇಜ್ ಇನ್ನೊಂದು ತುದಿ. ಎರಡರ ನಡುವಿನದಕ್ಕೆ ಗಾಳಿಯ ಗುಣಮಟ್ಟದ ಸೂಚ್ಯಂಕವನ್ನೇ ನೋಡಿ. ಉಸಿರಿಗೆ ಹೋಗುವ ಪಿಎಂ 2.5 ಕಣಗಳು ಒಂದು ಘನ ಮೀಟರಿಗೆ 50 ಮೈಕ್ರೋಗ್ರಾಂ ಇವೆ ಎಂದುಕೊಳ್ಳಿ. ಭಾರತದ ಸೂಚ್ಯಂಕದಲ್ಲಿ ಅದು 'ತೃಪ್ತಿಕರ', ತಿಳಿಹಸಿರು. ಅಮೆರಿಕದ ಸೂಚ್ಯಂಕದಲ್ಲಿ ಅದೇ ಗಾಳಿ ಕಿತ್ತಳೆ, ಸೂಕ್ಷ್ಮ ಆರೋಗ್ಯದವರಿಗೆ ಹಾನಿಕರ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ದಿನದ ಸರಾಸರಿ 15 ದಾಟಬಾರದು ಎಂದಿತು. ನಮ್ಮ ದೇಶದ ಮಾನದಂಡ 60. ಶ್ವಾಸಕೋಶ ಎರಡೂ ಕಡೆ ಒಂದೇ. ಗೆರೆ ಹಾಕಿದವರು ಶ್ವಾಸಕೋಶವನ್ನಷ್ಟೇ ನೋಡಲಿಲ್ಲ. ಏನು ಸಾಧ್ಯ, ಎಷ್ಟು ಖರ್ಚು ಎಂದೂ ನೋಡಿರುತ್ತಾರೆ. ಅದರಲ್ಲಿ ಮೋಸವಿಲ್ಲ. ಆದರೆ ಹಸಿರು ಬಣ್ಣ 'ನಾವು ಸದ್ಯಕ್ಕೆ ಇಷ್ಟಕ್ಕೆ ಒಪ್ಪಿದ್ದೇವೆ' ಎನ್ನುವುದಿಲ್ಲ, 'ಪರವಾಗಿಲ್ಲ' ಎನ್ನುತ್ತದೆ. ಇನ್ನು ನಮ್ಮ ಸೂಚ್ಯಂಕ 500ಕ್ಕೆ ಮುಗಿಯುತ್ತದೆ. ದೆಹಲಿಯ ಚಳಿಗಾಲದ ಕೆಲವು ದಿನ ಖಾಸಗಿ ಆ್ಯಪ್‌ಗಳು ಸಾವಿರ ದಾಟಿದ ಅಂಕಿ ತೋರಿಸಿದರೂ ಸರ್ಕಾರಿ ಮುಳ್ಳು 500ರೊಳಗೇ ಇರುತ್ತದೆ.

ಹಾಗಾದರೆ ಗೆರೆಯೇ ಬೇಡವೇ? ಸಭೆಯ ಮರುದಿನ ನಾನು ಹಾಗೇ ಯೋಚಿಸಿದ್ದೆ: ಬಣ್ಣ ತೆಗೆದುಬಿಡೋಣ, ಅಂಕಿಯಷ್ಟೇ ಇರಲಿ. ಇದು ಸುಲಭದ ಪುಣ್ಯ. ಗೆರೆ ಹಾಕದಿದ್ದರೆ ನೋಡುವವನು ತನ್ನ ಮನಸ್ಸಿನಲ್ಲಿ ಹಾಕಿಕೊಳ್ಳುತ್ತಾನೆ, ಆಗ ಅದನ್ನು ಪ್ರಶ್ನಿಸುವುದಕ್ಕೂ ಆಗುವುದಿಲ್ಲ. ಕ್ರಿ.ಪೂ. 4ನೇ ಶತಮಾನದ ಯೂಬುಲಿಡೀಸ್‌ನ ಹೆಸರಿಗೆ ಅಂಟಿಕೊಂಡ ಒಂದು ಒಗಟಿದೆ: ಕಾಳಿನ ರಾಶಿಯಿಂದ ಒಂದೊಂದೇ ಕಾಳು ತೆಗೆಯುತ್ತ ಹೋದರೆ ಯಾವ ಕಾಳಿಗೆ ಅದು ರಾಶಿಯಲ್ಲದಂತಾಗುತ್ತದೆ? ನಾನು ಇದರ ಮೇಲೆಯೇ ಒಂದು ಅಧ್ಯಾಯ ಬರೆಯುತ್ತಿದ್ದೆ ಅನ್ನುವುದು ಈಗ ಸ್ವಲ್ಪ ನಾಚಿಕೆಯ ಸಂಗತಿ. ಒಗಟಿಗೆ ಒಪ್ಪಿತ ಪರಿಹಾರವಿಲ್ಲ, ಆದರೂ ಕಣದಲ್ಲಿ ನಿಂತ ರೈತ ಇದು ರಾಶಿ, ಇದು ಅಲ್ಲ ಎಂದು ಹೇಳಲೇಬೇಕು. ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ 35 ಪಾಸು, 34 ಫೇಲು. ಆ ಒಂದು ಅಂಕದಲ್ಲಿ ಜ್ಞಾನವೇನೂ ಇರಲಿಲ್ಲ. ಆದರೆ 35 ಎಂದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಬರೆದವರು ಮಂಡಳಿ, ಬಯ್ಯಬೇಕಾದರೆ ಮಂಡಳಿಯನ್ನೇ ಬಯ್ಯಬಹುದಿತ್ತು. ಮರುಎಣಿಕೆಗೆ ಅರ್ಜಿ ಹಾಕಬಹುದಿತ್ತು. ನನ್ನ 0.3ರ ಬಗ್ಗೆ ಆ ಕಾರ್ಯಕರ್ತೆ ಎಲ್ಲಿ ಅರ್ಜಿ ಹಾಕಬೇಕು? ಅಂಥದ್ದೊಂದು ಸಂಖ್ಯೆ ಇದೆ ಎಂದೇ ಆಕೆಗೆ ಗೊತ್ತಿಲ್ಲ. ಆಕೆಗೆ ಕಂಡದ್ದು ಒಂದು ಬಣ್ಣ, ಮತ್ತು ಅದನ್ನು ನಂಬಿದ ಒಬ್ಬ ಮನುಷ್ಯ.

ನಾನು ಮೇಲ್ವಿಚಾರಕರಿಗೆ ಮೇಲ್ ಬರೆದೆ. ತಪ್ಪು ನನ್ನದು, ಆಕೆಯ ಕೆಲಸ ಕಡಿಮೆಯಾಗಿಲ್ಲ, ದಯವಿಟ್ಟು ಆಕೆಗೆ ತಿಳಿಸಿ. ಮಲೆನಾಡಿನಲ್ಲಿ ಮನೆಯಿಂದ ಮನೆಗೆ ಒಂದು ಗುಡ್ಡ ಇಳಿದು ಹತ್ತಬೇಕು, ಎಲ್ಲರಿಗೂ ಒಂದೇ ಗೆರೆ ಹಾಕಿದ್ದೇ ಸರಿಯಲ್ಲವೇನೋ, ಗೆರೆ ಎಲ್ಲಿರಬೇಕೆಂದು ಕಾರ್ಯಕರ್ತರನ್ನೇ ಕೇಳಿ. ಉತ್ತರ ಮರುದಿನವೇ ಬಂತು, ಸೌಜನ್ಯದ ಉತ್ತರ. ಸರಿಪಡಿಸಿದ್ದಕ್ಕೆ ಧನ್ಯವಾದ, ಮುಂದಿನ ತಿಂಗಳು ಹೇಗೂ ಸರಿಯಾಗಿ ತೋರಿಸುತ್ತದಲ್ಲ, ಈಗ ಮತ್ತೆ ಆ ವಿಷಯ ಎತ್ತುವುದು ಬೇಡ ಎಂದಿತ್ತು. ಆಕೆಯ ಫೋನ್ ನಂಬರ್ ನನ್ನ ಬಳಿಯಿದ್ದ ಹಾಳೆಯಲ್ಲೇ ಇತ್ತು. ಹೊರಗಿನವನು ನೇರ ಫೋನ್ ಮಾಡಿದರೆ ಆಕೆಗೇ ತೊಂದರೆಯಾದೀತು ಎಂದು ಸಮಾಧಾನ ಮಾಡಿಕೊಂಡೆ. ಬಾಕಿ ಹಣ ಬರಬೇಕಿತ್ತು ಅನ್ನುವುದೂ ನಿಜ.

ಮುಂದಿನ ತಿಂಗಳು ಆಕೆಯ ಸಾಲಿನಲ್ಲಿ 31 ಬಂತು. ಮುಳ್ಳು ಹಳದಿಯ ನಡುವಿಗೆ ಬಂದಿತ್ತು. ಸಭೆಯಲ್ಲಿ ಮೇಲ್ವಿಚಾರಕರು ಅದನ್ನು ಎಲ್ಲರಿಗೂ ತೋರಿಸಿ ಹೊಗಳಿದರು, ಆಕೆ ಥ್ಯಾಂಕ್ಸ್ ಸರ್ ಅಂದರು. ಹೆಚ್ಚಿದ್ದು ಒಂಬತ್ತು ಮನೆ. ಗುಡ್ಡಗಳು ಅಷ್ಟೇ ಇದ್ದವು, ತಿಂಗಳಿನ ದಿನಗಳೂ ಅಷ್ಟೇ. ಒಂದೊಂದು ಮನೆಯ ಜಗಲಿಯಲ್ಲಿ ಆಕೆ ಎಷ್ಟು ಹೊತ್ತು ಕೂತು ಮಾತಾಡಿದರು ಎಂದು ಬರೆಯುವ ಕಾಲಂ ನಮ್ಮ ಹಾಳೆಯಲ್ಲಿ ಇರಲಿಲ್ಲ.